ಪೆಟ್ರೋಲ್ ಪೈಪು ಬಿಚ್ಚುವ ಮೊದಲು



ಕಾಫಿಯ ಧಾರಣೆ, ಅಡಿಕೆ ಗೊನೆಯ ಗುತ್ತಿಗೆ, ಗೊಬ್ಬರದ ಸರಬರಾಜು, ಆನೆ ಹಾವಳಿ, ಇವೇ ಈ ಪುಟದಲ್ಲಿ ಸಾಮಾನ್ಯವಾಗಿ ಬರುವ ವಿಷಯಗಳು. ಈ ಸಲ ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ಪ್ಲಾಸ್ಟಿಕ್ ತುಂಡಿನ ವಿಷಯ ಬರೆಯುತ್ತಿದ್ದೇನೆ. ಸಂಘದ ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರು ಕೇಳಬಹುದು. ಪೂರ್ತಿ ಓದಿದ ಮೇಲೆ ಕೇಳಲಿ.

ಕಳೆದ ಜನವರಿಯ ಮಾತು. ಬೆಟ್ಟದ ಮೇಲಿನ ತೋಟದಲ್ಲಿ ಅರೇಬಿಕಾದ ಕೊನೆಯ ಕೊಯ್ಲು ನಡೆದಿತ್ತು. ಯಳಂದೂರಿನಿಂದ ಆಳುಗಳ ಬಟವಾಡೆ ಹಣ ತೆಗೆದುಕೊಂಡು ಹೋಗುತ್ತಿದ್ದ ನನ್ನ ಪೆಟ್ರೋಲ್ ಕಾರು, ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಏರು ಸಿಕ್ಕಿದ ಕೂಡಲೆ ಎಳೆಯದೆ ಮುಗ್ಗರಿಸತೊಡಗಿತು. ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿದೆ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿರಲಿಲ್ಲ. ಈಚಿನ ಹಲವು ಕಾರುಗಳಲ್ಲಿ ಫಿಲ್ಟರು ಟ್ಯಾಂಕಿನ ಒಳಗೇ ಇರುತ್ತದೆ; ನನ್ನದರಲ್ಲಿ ಅದು ಗಾಡಿಯ ಅಡಿಯಲ್ಲಿ, ಟ್ಯಾಂಕಿನ ಪಕ್ಕದಲ್ಲಿದೆ. ಕೊಳ್ಳೇಗಾಲದಿಂದ ಹೊಸ ಫಿಲ್ಟರ್ ತರಿಸಿದೆ. ಅಂದು ಭಾನುವಾರ, ಮೆಕ್ಯಾನಿಕ್ ಸಿಗಲಿಲ್ಲ. ಹಳೆಯ ಜೀಪಿನ ಕಾಲದಿಂದ ಫಿಲ್ಟರ್ ಬದಲಾಯಿಸುತ್ತ ಬಂದವನು ನಾನು, ಸಾಲದ್ದಕ್ಕೆ ಬಿ.ಎಸ್‌ಸಿ. ಬೇರೆ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಗಾಡಿಯನ್ನು ಜಾಕ್ ಮೇಲೆ ಎತ್ತಿ, ಕಲ್ಲು ಕೊಟ್ಟು, ಕೆಳಗೆ ನುಸುಳಿದೆ.

ಫಿಲ್ಟರಿಗೆ ಬಂದು ಸೇರುವ ಪೈಪಿನ ತುದಿಯಲ್ಲಿ ಕ್ಲಿಪ್ಪೂ ಇಲ್ಲ, ನಟ್ಟೂ ಇಲ್ಲ. ಒಂದು ಕಪ್ಪು ಪ್ಲಾಸ್ಟಿಕ್ ಟೊಪ್ಪಿಗೆ ಮಾತ್ರ. ಎಳೆದೆ, ಬರಲಿಲ್ಲ. ತಿರುಗಿಸಿದೆ, ಸುತ್ತಿತು, ಆದರೆ ಬರಲಿಲ್ಲ. ಕೊನೆಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಟಪ್ ಎಂದು ಟೊಪ್ಪಿಗೆ ಸೀಳಿತು. ಒಳಗಿನ ಒತ್ತಡಕ್ಕೆ ಪೆಟ್ರೋಲು ಪಿಚಕಾರಿಯಂತೆ ಚಿಮ್ಮಿ ಮುಖ, ಕಣ್ಣು, ಅಂಗಿ ಎಲ್ಲ ತೊಯ್ದುಹೋಯಿತು. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಆಳುಗಳಿಗೆ ಕಾಫಿ ಕಾಯಿಸುವ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ನಮ್ಮ ಮನೆಯವರು ವಾಸನೆ ಹಿಡಿದ ಕೂಡಲೆ ಕೊಡದ ನೀರನ್ನು ಪೂರ ಒಲೆಗೆ ಸುರಿದರು. ಅವರು ಹಾಗೆ ಮಾಡದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ, ಬೇರೆ ತಲೆಬರಹದಲ್ಲಿ ಬರೆಯಬೇಕಾಗುತ್ತಿತ್ತು.

ಸೀಳಿದ್ದು ಸಣ್ಣ ತುಂಡು. ಆದರೆ ಆ ತುಂಡು ಬಿಡಿಯಾಗಿ ಸಿಗುವುದಿಲ್ಲ. ನೈಲಾನ್ ಪೈಪಿಗೆ ಕಾರ್ಖಾನೆಯಲ್ಲೇ ಒತ್ತಿ ಕೂರಿಸಿರುತ್ತಾರೆ. ಹಾಗಾಗಿ ಇಡೀ ಪೈಪನ್ನೇ ಮೈಸೂರಿನಿಂದ ತರಿಸಬೇಕಾಯಿತು. ಒಂಬತ್ತು ದಿನ ಗಾಡಿ ಕಣದ ಅಂಚಿನಲ್ಲೇ ನಿಂತಿತು. ಕೊಯ್ಲಿನ ಆ ಒಂಬತ್ತು ದಿನ ಬಾಡಿಗೆ ಗಾಡಿಗೆ ಕೊಟ್ಟದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಹೊಸ ಪೈಪು ಹಾಕಲು ಬಂದ ಹಿರಿಯ ಮೆಕ್ಯಾನಿಕ್ ಮುರಿದ ತುಂಡನ್ನು ಕೈಯಲ್ಲಿ ತಿರುವಿ ನೋಡಿ, “ಇದ ಕೀಳಬಾರ್ದು ಕನಿ ಸ್ವಾಮಿ, ಬುಡಿಸ್ಬೇಕು. ಒಳಗ ಉಗುರು ಅದ” ಎಂದರು. ಆಮೇಲೆ ತಮ್ಮ ಚೀಲದಿಂದ ಬಣ್ಣಬಣ್ಣದ ನಾಲ್ಕಾರು ಪ್ಲಾಸ್ಟಿಕ್ ಬಳೆಗಳನ್ನು ತೆಗೆದು, ಒಂದನ್ನು ಆರಿಸಿ, ಹಳೆಯ ಪೈಪಿನ ಇನ್ನೊಂದು ತುದಿಗೆ ಒತ್ತಿ ಹಿಡಿದು ಎಳೆದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ನಾನು ಅರ್ಧ ಗಂಟೆ ಒದ್ದಾಡಿ ಮುರಿದದ್ದನ್ನು ಅವರು ಅರ್ಧ ನಿಮಿಷದಲ್ಲಿ ಬಿಡಿಸಿದ್ದರು. ಆ ಬಳೆಗಳ ಬೆಲೆ ನನ್ನ ಒಂದು ದಿನದ ಬಾಡಿಗೆ ಗಾಡಿಯ ಖರ್ಚಿಗಿಂತ ಕಡಿಮೆ.

ಈ ಸಾಧನವನ್ನು ನಮ್ಮ ಸಂಘವೇ ಕೊಂಡು ಕಛೇರಿಯಲ್ಲಿಡಬೇಕು, ಅದು ಕೈಯಲ್ಲಿಲ್ಲದ ಯಾರೂ, ಸದಸ್ಯರಾಗಲಿ ಮೆಕ್ಯಾನಿಕ್ ಆಗಲಿ, ಹೊಸ ಗಾಡಿಯ ಎಣ್ಣೆ ಪೈಪಿಗೆ ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ತಲೆಮಾರಿನವರು ಗಾಡಿ ಕಲಿತದ್ದು ಜೀಪಿನಲ್ಲಿ. ಟ್ಯಾಂಕಿನಿಂದ ಕಾರ್ಬುರೇಟರಿಗೆ ತಾಮ್ರದ್ದೋ ಉಕ್ಕಿನದೋ ಪೈಪು, ನಡುವೆ ಒಂದು ಮೊಳ ರಬ್ಬರು, ಎರಡು ಕ್ಲಿಪ್ಪು. ಕಸ ಕಟ್ಟಿಕೊಂಡರೆ ಬಾಯಿಂದ ಊದಿ ಮುಂದೆ ಹೋಗುತ್ತಿದ್ದೆವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲೂ ಮೊದಲಿಗೆ ಇದ್ದದ್ದು ಕಾರ್ಬುರೇಟರೇ. ಆ ಪೈಪುಗಳ ಒಳಗಿನ ಒತ್ತಡ ಮೂರರಿಂದ ಐದು ಪೌಂಡು. ಬಿಚ್ಚಿದರೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು, ಅಷ್ಟೆ. ಇಂಜೆಕ್ಷನ್ ಬಂದ ಮೇಲೆ ಲೆಕ್ಕವೇ ಬೇರೆಯಾಯಿತು. ಕಾರಿನ ಟೈರಿಗೆ ನಾವು ಹಾಕಿಸುವ ಗಾಳಿ 30ರಿಂದ 33 ಪೌಂಡು. ಇಂಜೆಕ್ಷನ್ ಕಾರಿನ ಪೆಟ್ರೋಲ್ ಪೈಪಿನಲ್ಲಿರುವುದು ಸುಮಾರು 45ರಿಂದ 60 ಪೌಂಡು. ಎಂಜಿನ್ ನಿಲ್ಲಿಸಿದ ಮೇಲೂ ಈ ಒತ್ತಡ ಬಹಳ ಹೊತ್ತು ಉಳಿಯುತ್ತದೆ, ಯಾಕೆಂದರೆ ಮರುದಿನ ಬೆಳಿಗ್ಗೆ ಗಾಡಿ ಬೇಗ ಹೊರಡಲಿ ಎಂದು ಅದನ್ನು ಹಿಡಿದಿಡುವಂತೆಯೇ ಕಟ್ಟಿರುತ್ತಾರೆ. ತುಂಬಿದ ಟೈರಿನ ವಾಲ್ವನ್ನು ಬಿ.ಎಸ್‌ಸಿ. ಓದಿದವನೂ ಮುಖದ ಮುಂದೆ ಹಿಡಿದು ಕೀಳುವುದಿಲ್ಲ. ಪೆಟ್ರೋಲ್ ಪೈಪನ್ನು ಮಾತ್ರ ಕೀಳುತ್ತೇವೆ.

ಆ ಪ್ಲಾಸ್ಟಿಕ್ ಟೊಪ್ಪಿಗೆಯ ಒಳಗೆ ಏನಿದೆ? ಒಂದು ಮುರಿದದ್ದು ಕೈಯಲ್ಲಿದ್ದುದರಿಂದ ನಾನು ಅದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಒಳಹೋಗುವ ಲೋಹದ ಪೈಪಿನ ತುದಿಯಿಂದ ಸ್ವಲ್ಪ ಹಿಂದೆ ಒಂದು ಉಬ್ಬು ಇರುತ್ತದೆ, ಬಿದಿರಿನ ಗೆಣ್ಣಿನ ಹಾಗೆ. ಟೊಪ್ಪಿಗೆಯ ಒಳಗೆ ಆಳದಲ್ಲಿ ರಬ್ಬರಿನ ಉಂಗುರಗಳಿವೆ. ಸೋರದಂತೆ ತಡೆಯುವುದು ಅವು. ಬಾಯಿಯ ಹತ್ತಿರ ಉಗುರಿನಂಥ ಹಲ್ಲುಗಳಿವೆ. ಪೈಪು ಒಳಗೆ ಹೋದ ಕೂಡಲೆ ಅವು ಉಬ್ಬಿನ ಹಿಂದೆ ಬಂದು ಕೂರುತ್ತವೆ. ನಾವು ಎಳೆದಷ್ಟೂ ಉಗುರು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಸಾಧನ ಮಾಡುವ ಕೆಲಸ ಇಷ್ಟೆ: ಪೈಪಿಗೂ ಟೊಪ್ಪಿಗೆಗೂ ನಡುವಿನ ಸಂದಿಯಲ್ಲಿ ತೂರಿ, ಎಲ್ಲ ಉಗುರುಗಳನ್ನು ಒಂದೇ ಸಲಕ್ಕೆ ಅಗಲಿಸುವುದು. ಸ್ಕ್ರೂಡ್ರೈವರು ಒಂದು ಉಗುರನ್ನು ಅಗಲಿಸುತ್ತದೆ, ಉಳಿದವು ಹಿಡಿದೇ ಇರುತ್ತವೆ. ಜೊತೆಗೆ ಅದರ ಮೂಲೆ ರಬ್ಬರ್ ಉಂಗುರವನ್ನು ಗೀರುತ್ತದೆ. ಮುರಿಯದೆ ಬಂದರೂ ಆ ಗೀರು ಮುಂದೆ ಸೋರುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ, ನಾವು ಬೆಟ್ಟದ ದಾರಿಯಲ್ಲಿರುವಾಗ ಸೋರುತ್ತದೆ.

ಆದ್ದರಿಂದ ಮೊದಲ ಸಾಧನ ಬಟ್ಟೆ ಮತ್ತು ಟಾರ್ಚು. ನಮ್ಮ ಕೆಂಪು ಧೂಳಿನ ದಾರಿಯಲ್ಲಿ ಓಡಿದ ಗಾಡಿಯ ಅಡಿಯಲ್ಲಿ ಯಾವ ಜೋಡಣೆ ಇದೆ ಎಂಬುದೇ ಕಾಣುವುದಿಲ್ಲ. ಒರೆಸಬೇಕು, ಸಂದಿಯ ಮರಳನ್ನು ಊದಿ ತೆಗೆಯಬೇಕು, ಆಮೇಲೆ ನೋಡಬೇಕು. ಹಲವು ಗಾಡಿಗಳ ಟೊಪ್ಪಿಗೆಗೆ ಸಾಧನವೇ ಬೇಡ. ಎರಡು ಪಕ್ಕಗಳಲ್ಲಿ ಒತ್ತುವ ಗುಂಡಿಗಳಿರುತ್ತವೆ, ಬೆರಳಿನಿಂದ ಒತ್ತಿ ಎಳೆದರೆ ಸಾಕು. ಕೆಲವಕ್ಕೆ ಬೇರೆ ಬಣ್ಣದ ಒಂದು ಚಿಕ್ಕ ಬೀಗ ಇರುತ್ತದೆ. ಅದನ್ನು ಮೊದಲು ಸರಿಸಬೇಕು. ಗುಂಡಿ, ಬೀಗ ಎರಡೂ ಕಾಣದೆ ಬಾಯಿಯ ಒಳಗೆ ಉಗುರುಗಳು ಮಾತ್ರ ಕಂಡರೆ ಆಗ ಬಳೆ ಬೇಕು.

ಬಳೆಯ ಅಳತೆ ಪೈಪಿನ ಹೊರ ಅಳತೆಗೆ ಸರಿಯಾಗಿ ಹೊಂದಬೇಕು. ಸೆಟ್ಟಿನಲ್ಲಿ ಕಾಲು ಇಂಚಿನಿಂದ ಮುಕ್ಕಾಲು ಇಂಚಿನವರೆಗೂ ಇರುತ್ತವೆ. ಕಾರಿನ ಎಣ್ಣೆ ಪೈಪಿಗೆ ಹೆಚ್ಚಾಗಿ ಬೇಕಾಗುವುದು ಎರಡೇ: 5/16 ಇಂಚು, ಅಂದರೆ ಸುಮಾರು 8 ಮಿ.ಮೀ.; ಮತ್ತು 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ದೊಡ್ಡವು ಹೆಚ್ಚಾಗಿ ಏ.ಸಿ. ಪೈಪುಗಳಿಗೆ. ಒಂದು ಅಳತೆ ದೊಡ್ಡದಾದರೆ ಬಳೆ ಸಂದಿಗೆ ಹೋಗುವುದಿಲ್ಲ. ಚಿಕ್ಕದಾದರೆ ಪೈಪಿನ ಮೇಲೆ ಕೂರುವುದಿಲ್ಲ. ವರ್ನಿಯರ್ ಕ್ಯಾಲಿಪರ್ ಇದ್ದವರು ಪೈಪನ್ನು ಅಳೆದು ಆರಿಸಬಹುದು.

ಪ್ಲಾಸ್ಟಿಕ್ ಬಳೆ ಒಳ್ಳೆಯದೋ ಲೋಹದ್ದೋ? ಇದರ ಬಗ್ಗೆ ಮೆಕ್ಯಾನಿಕ್‌ಗಳಲ್ಲೇ ಎರಡು ಮತ. ಪ್ಲಾಸ್ಟಿಕ್ ಬಳೆ ಅಗ್ಗ, ಪೈಪನ್ನು ಗೀರುವುದಿಲ್ಲ, ಲೋಹಕ್ಕೆ ಲೋಹ ತಾಗಿ ಕಿಡಿ ಹಾರುವ ಭಯವಿಲ್ಲ. ಆದರೆ ಪೆಟ್ರೋಲಿನಲ್ಲಿ ನೆನೆದು ನೆನೆದು ಅದರ ಅಂಚು ಮೆತ್ತಗಾಗುತ್ತದೆ, ತುಕ್ಕು ಹಿಡಿದ ಪೈಪಿನಲ್ಲಿ ಮಡಚಿಕೊಳ್ಳುತ್ತದೆ. ಅಲ್ಯೂಮಿನಿಯಂನದು ಬಾಳಿಕೆ ಬರುತ್ತದೆ. ಕತ್ತರಿಯಂತೆ ಕೈಹಿಡಿ ಇರುವ ಇನ್ನೊಂದು ಬಗೆ ಇದೆ. ಪೈಪು ಗಾಡಿಯ ತಳಕ್ಕೆ ಅಂಟಿಕೊಂಡಂತೆ ಇದ್ದು, ಬಳೆ ಸುತ್ತುವಷ್ಟು ಜಾಗ ಇಲ್ಲದಿದ್ದಾಗ ಕೈ ಸೇರುವುದು ಅದೇ. ಮನೆಯಲ್ಲಿ ವರ್ಷಕ್ಕೊಮ್ಮೆ ಬಳಸುವವರಿಗೆ ಪ್ಲಾಸ್ಟಿಕ್ ಸಾಕು. ಹತ್ತಾರು ಕೈ ದಾಟುವ ಸಂಘದ ಸೆಟ್ಟು ಲೋಹದ್ದೇ ಆಗಬೇಕು ಎಂದು ನನ್ನ ಶಿಫಾರಸು.

ಬಳೆಯನ್ನು ಬಳಸುವುದರಲ್ಲೂ ಒಂದು ಹದವಿದೆ. ಟೊಪ್ಪಿಗೆಯನ್ನು ಮೊದಲು ಎಳೆಯಬಾರದು. ಪೈಪಿನ ಕಡೆಗೆ ಇನ್ನಷ್ಟು ಒತ್ತಬೇಕು. ಆಗ ಉಗುರಿನ ಮೇಲಿನ ಬಿಗಿ ಸಡಿಲವಾಗುತ್ತದೆ. ಆಮೇಲೆ ಬಳೆಯನ್ನು ಓರೆಯಾಗದಂತೆ ಪೂರ್ತಿ ಒಳಕ್ಕೆ ತಳ್ಳಿ, ತಳ್ಳಿ ಹಿಡಿದೇ, ಟೊಪ್ಪಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಬಾರದಿದ್ದರೆ ಬಲ ಹೆಚ್ಚಿಸುವುದಲ್ಲ, ಮತ್ತೆ ಒತ್ತಿ ಮತ್ತೆ ಮೊದಲಿನಿಂದ. ತಿರುಗಿ ಜೋಡಿಸುವಾಗ ಪೈಪಿನ ತುದಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ, ಟಕ್ ಎಂಬ ಸದ್ದು ಬರುವವರೆಗೆ ತಳ್ಳಿ, ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಬೇಕು. ಸದ್ದು ಕೇಳಿದ್ದೇನೆಂದು ನಂಬಿ ಎಳೆದು ನೋಡದೆ ಹೊರಟ ಗಾಡಿ ಮುಂದೆಲ್ಲೋ ದಾರಿಯಲ್ಲಿ ಪೈಪು ಕಳಚಿಕೊಳ್ಳಬಹುದು.

ಇದೆಲ್ಲಕ್ಕೂ ಮೊದಲು ಒತ್ತಡ ಇಳಿಸಬೇಕು. ಪೆಟ್ರೋಲ್ ಗಾಡಿಯಲ್ಲಿ ಇದು ಸುಲಭ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಫ್ಯೂಯಲ್ ಪಂಪಿನ ಫ್ಯೂಸ್ ಯಾವುದೆಂದು ಬರೆದಿರುತ್ತದೆ. ಅದನ್ನು ತೆಗೆದು ಎಂಜಿನ್ ಸ್ಟಾರ್ಟ್ ಮಾಡಿದರೆ ಪೈಪಿನಲ್ಲಿದ್ದ ಪೆಟ್ರೋಲು ಸುಟ್ಟು ಎಂಜಿನ್ ತಾನೇ ನಿಲ್ಲುತ್ತದೆ. ಇನ್ನೊಂದೆರಡು ಸಲ ಸೆಲ್ಫ್ ಹೊಡೆದು, ಆಮೇಲೆ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆಗೆದು ಮುಚ್ಚಿ, ಎಂಜಿನ್ ತಣ್ಣಗಾದ ನಂತರ ಕೆಲಸಕ್ಕೆ ಕೂರಬೇಕು. ಇಷ್ಟಾದರೂ ಒಂದು ಬಟ್ಟಲಿನಷ್ಟು ಪೆಟ್ರೋಲು ಬಂದೇ ಬರುತ್ತದೆ. ಜೋಡಣೆಗೆ ಬಟ್ಟೆ ಸುತ್ತಿ, ಕೆಳಗೆ ತಗಡಿನ ಪಾತ್ರೆ ಇಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಫ್ಯೂಸ್ ಹಾಕಿ, ಎಂಜಿನ್ ಹೊಡೆಯದೆ ಕೀಲಿಯನ್ನು ಎರಡು ಮೂರು ಸಲ ತಿರುಗಿಸಿ ಬಿಟ್ಟು, ಸೋರುತ್ತದೆಯೇ ಎಂದು ನೋಡಬೇಕು. ನಾನು ಅಂದು ಇದರಲ್ಲಿ ಒಂದನ್ನೂ ಮಾಡಿರಲಿಲ್ಲ.

ಡೀಸೆಲ್ ಗಾಡಿಯವರು ಇದು ನಮಗಲ್ಲ ಎಂದು ಪುಟ ತಿರುಗಿಸಬಾರದು. ನಮ್ಮ ಸದಸ್ಯರಲ್ಲಿ ಪಿಕಪ್ಪು, ಜೀಪು, ಟ್ರ್ಯಾಕ್ಟರ್ ಇಟ್ಟವರೇ ಹೆಚ್ಚು. ಹಳೆಯ ಡೀಸೆಲ್ ಜೀಪಿನಲ್ಲಿ, ಟ್ರ್ಯಾಕ್ಟರಿನಲ್ಲಿ ಇರುವುದು ಲೋಹದ ಪೈಪು ಮತ್ತು ಯೂನಿಯನ್ ನಟ್ಟು. ಇಂಜೆಕ್ಟರ್ ಪೈಪಿನ ನಟ್ಟುಗಳು ಹೆಚ್ಚಾಗಿ 17 ಅಥವಾ 19 ಮಿ.ಮೀ. ಸಾಮಾನ್ಯ ಡಿ.ಇ. ಸ್ಪ್ಯಾನರು ನಟ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ನಟ್ಟು ಗಟ್ಟಿಯಾಗಿ ಕೂತಿದ್ದರೆ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಪೈಪ್ ರೆಂಚು, ಆಮೇಲೆ ಉಳಿ, ಸುತ್ತಿಗೆ. ಇದಕ್ಕೆ ಬೇಕಾದದ್ದು ಫ್ಲೇರ್ ನಟ್ ಸ್ಪ್ಯಾನರು. ನೋಡಲು ರಿಂಗ್ ಸ್ಪ್ಯಾನರಿನಂತೆ, ಆದರೆ ಪೈಪು ತೂರುವಷ್ಟು ಬಾಯಿ ಕತ್ತರಿಸಿರುತ್ತದೆ. ನಟ್ಟಿನ ಆರು ಮುಖಗಳಲ್ಲಿ ಐದನ್ನು ಹಿಡಿಯುತ್ತದೆ. ಇನ್ನೊಂದು ಸ್ಪ್ಯಾನರಿನಿಂದ ಎದುರಿನ ಭಾಗವನ್ನು ಹಿಡಿದುಕೊಂಡೇ ತಿರುಗಿಸಬೇಕು, ಇಲ್ಲವಾದರೆ ಪೈಪೇ ತಿರುಚಿಕೊಳ್ಳುತ್ತದೆ. ಬ್ಯಾಂಜೊ ಬೋಲ್ಟ್ ಇದ್ದಲ್ಲಿ ಎರಡು ಕಡೆಯ ತಾಮ್ರದ ವಾಷರುಗಳನ್ನು ಹೊಸದು ಹಾಕಬೇಕು. ಪೈಪು ಬಿಚ್ಚಿದ ಮೇಲೆ ಗಾಳಿ ಸೇರುವುದರಿಂದ ಕೈಪಂಪು ಒತ್ತಿ ಏರ್ ತೆಗೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ.

ಗೊತ್ತಿರುವ ಇನ್ನೊಂದು ಕೆಲಸವೇ ಈಗ ಅಪಾಯಕ್ಕೆ ಬಂದಿರುವುದು. ಎಂಜಿನ್ ಮಿಸ್ಸಿಂಗ್ ಆದರೆ ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು, ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರಿನ ನಟ್ಟನ್ನು ಸಡಿಲಿಸಿ ನೋಡುವುದು ನಮ್ಮ ಹಳೆಯ ಪದ್ಧತಿ. ನಾನೂ ಮಾಡಿದ್ದೇನೆ. ಹಳೆಯ ಟ್ರ್ಯಾಕ್ಟರಿನಲ್ಲಿ ಅದು ಹೇಗೋ ನಡೆಯಿತು. ಈ ಶತಮಾನದ ಮೊದಲ ದಶಕದಿಂದ ಬಂದಿರುವ ಕಾಮನ್ ರೈಲ್ ಡೀಸೆಲ್‌ಗಳಲ್ಲಿ, 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಮಾರಾಟವಾದ ಡೀಸೆಲ್ ಕಾರು, ಪಿಕಪ್ಪುಗಳೂ ಸೇರಿದಂತೆ, ಇದನ್ನು ಎಂದೂ ಮಾಡಬಾರದು. ಆ ರೈಲಿನಲ್ಲಿ ಒತ್ತಡ 1,600 ಬಾರ್‌ವರೆಗೆ, ಕೆಲವು ಗಾಡಿಗಳಲ್ಲಿ ಇನ್ನೂ ಹೆಚ್ಚು ಇರುತ್ತದೆ. ನಮ್ಮ ಟೈರಿನ ಏಳುನೂರು ಪಟ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಬರುವ ಡೀಸೆಲು ಸೂಜಿಯಂತೆ ಚರ್ಮವನ್ನು ಹೊಕ್ಕುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟು ಗುರುತು, ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾಂಸ ಕೊಳೆಯತೊಡಗುತ್ತದೆ, ತಡವಾದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ಯಾರಿಗಾದರೂ ಹೀಗಾದರೆ ಅರಿಶಿನ ಹಚ್ಚಿ ಬೆಳಗಾಗಲಿ ಎಂದು ಕಾಯದೆ, ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ, ಚಾಮರಾಜನಗರಕ್ಕೋ ಮೈಸೂರಿಗೋ ಆ ಕೂಡಲೆ ಕರೆದೊಯ್ದು, “ಒತ್ತಡದಲ್ಲಿ ಡೀಸೆಲ್ ಒಳಗೆ ಹೋಗಿದೆ” ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಎಲ್ಲಿದೆ ಎಂದು ಪೈಪಿನ ಮೇಲೆ ಬೆರಳು ಎಳೆದು ನೋಡುವ ಅಭ್ಯಾಸವನ್ನಂತೂ ಬಿಡಲೇಬೇಕು. ರಟ್ಟಿನ ತುಂಡು ಹಿಡಿದರೆ ಸಾಕು. ಕಾಮನ್ ರೈಲಿನ ಮೇಲ್ಭಾಗದ ಉಕ್ಕಿನ ಪೈಪುಗಳಿಗೆ ಮನೆಯಲ್ಲಿ ಬಳಸಬಹುದಾದ ಸಾಧನ ಯಾವುದೂ ಇಲ್ಲ. ಅವನ್ನು ಒಮ್ಮೆ ಬಿಚ್ಚಿದರೆ ಹೊಸದು ಹಾಕಬೇಕೆಂದು ಹಲವು ತಯಾರಕರೇ ಹೇಳುತ್ತಾರೆ. ನಾವು ಮುಟ್ಟಬಹುದಾದದ್ದು ಎಂಜಿನ್ ನಿಲ್ಲಿಸಿದ ಮೇಲೆ, ಟ್ಯಾಂಕಿನಿಂದ ಫಿಲ್ಟರಿನವರೆಗಿನ ಕಡಿಮೆ ಒತ್ತಡದ ಭಾಗ ಮಾತ್ರ.

ರಬ್ಬರ್ ಹೋಸಿನ ಮಾತೂ ಇದೆ. ಕ್ಲಿಪ್ಪನ್ನು ಬಿಚ್ಚಲು ಅದರ ತಲೆಗೆ ಸರಿಹೊಂದುವ ಬಾಕ್ಸ್ ಸ್ಪ್ಯಾನರು, ಸ್ಪ್ರಿಂಗ್ ಕ್ಲಿಪ್ಪಿಗೆ ಇಕ್ಕಳ, ಇಷ್ಟೆ. ಅಂಟಿಕೊಂಡ ಹೋಸನ್ನು ಎಳೆಯದೆ ತಿರುಗಿಸಿ ಸಡಿಲಿಸಬೇಕು. ಬಾರದಿದ್ದರೆ ಹೋಸನ್ನು ಸೀಳಿ ಹೊಸದು ಹಾಕುವುದೇ ಲೇಸು, ಯಾಕೆಂದರೆ ಕೆಳಗಿನ ಪೈಪಿನ ಮೂತಿ ಮುರಿದರೆ ಖರ್ಚು ಹತ್ತು ಪಟ್ಟು. ಇಂಜೆಕ್ಷನ್ ಗಾಡಿಗೆ ಇಂಜೆಕ್ಷನ್ ದರ್ಜೆಯ ಹೋಸನ್ನೇ ಕೇಳಿ ತರಬೇಕು. ಸ್ಪ್ರೇ ಪಂಪಿಗೆ ತಂದದ್ದು ಉಳಿದಿದೆ ಎಂದು ಕಾರಿಗೆ ಹಾಕಬಾರದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲೇ ಈಗ ಬಂಕುಗಳಲ್ಲಿ ಸಿಗುತ್ತಿರುವುದು. ಆ ವರ್ಷದ ಏಪ್ರಿಲ್‌ಗಿಂತ ಹಿಂದೆ ತಯಾರಾದ ಹಲವು ಗಾಡಿಗಳ ರಬ್ಬರು ಈ ಪೆಟ್ರೋಲಿಗೆಂದು ಮಾಡಿದ್ದಲ್ಲ. ಹಳೆಯ ಕಾರು, ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರು ಇವುಗಳ ಹೋಸನ್ನು ಬೋರ್ಡೋ ಸಿಂಪರಣೆಗೆ ಮೊದಲು ಒಮ್ಮೆ ಬಾಗಿಸಿ ನೋಡಿ. ಬಿರುಕು ಕಂಡರೆ ಅಥವಾ ಮುಟ್ಟಿದರೆ ಕೈಗೆ ಕಪ್ಪು ಅಂಟಿದರೆ ಬದಲಾಯಿಸಿ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇಳುವುದಿಲ್ಲ, ನೀರಿನ ಹಾಗೆ ಇಳಿಜಾರಿಗೆ ಹರಿಯುತ್ತದೆ. ನಮ್ಮ ಕಣಗಳೆಲ್ಲ ಇಳಿಜಾರು, ಒಲೆ ಇರುವುದು ಕೆಳಗಿನ ತುದಿಯಲ್ಲಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಬೆಟ್ಟದ ಮುಂಜಾನೆಯ ಮಂಜು ಅದಕ್ಕೆ ಯಾವ ಲೆಕ್ಕ? ಬಾವಿಯಂಥ ಗುಂಡಿಗೆ ಇಳಿದು ಗಾಡಿಯ ಅಡಿ ಕೆಲಸ ಮಾಡುವ ಶೆಡ್ಡುಗಳಲ್ಲಿ ಪೆಟ್ರೋಲ್ ಪೈಪು ಬಿಚ್ಚುವುದನ್ನು ಕಂಡರೆ ನನಗೆ ಈಗ ಮೈ ನಡುಗುತ್ತದೆ. ಬಯಲಿನಲ್ಲಿ ಮಾಡಬೇಕು, ಬೀಡಿ ಸೇದುವವರನ್ನು ದೂರ ಕಳಿಸಬೇಕು, ಪಕ್ಕದಲ್ಲಿ ಪುಡಿಯ ಅಗ್ನಿಶಾಮಕ ಇರಬೇಕು. ಅದಿಲ್ಲದಿದ್ದರೆ ಎರಡು ಬಕೆಟ್ ಮರಳಾದರೂ ಇರಲಿ. ಉರಿಯುವ ಪೆಟ್ರೋಲಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ.

ಈಗ ಸಂಘದ ವಿಷಯಕ್ಕೆ ಬರುತ್ತೇನೆ. ಒಂದು ಲೋಹದ ಬಳೆಗಳ ಸೆಟ್ಟು, ಒಂದು ಕತ್ತರಿ ಬಗೆಯ ಸಾಧನ, 10ರಿಂದ 19 ಮಿ.ಮೀ.ವರೆಗಿನ ಫ್ಲೇರ್ ನಟ್ ಸ್ಪ್ಯಾನರುಗಳು, ಒಂದು ಪುಡಿ ಅಗ್ನಿಶಾಮಕ. ಇವನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು, ಠೇವಣಿ ಪಡೆದು ಎರಡು ದಿನದ ಮಟ್ಟಿಗೆ ಸದಸ್ಯರಿಗೆ ಕೊಡಬೇಕು ಎಂದು ನಾನು ಆಡಳಿತ ಮಂಡಳಿಯ ಮುಂದೆ ಇಟ್ಟೆ. ಎಲ್ಲರೂ ಒಪ್ಪಲಿಲ್ಲ. ಸಂಘ ಇರುವುದು ಗೊಬ್ಬರ, ಔಷಧಿ ಕೊಡುವುದಕ್ಕೆ, ಗ್ಯಾರೇಜು ನಡೆಸುವುದಕ್ಕಲ್ಲ ಎಂದು ಒಬ್ಬ ನಿರ್ದೇಶಕರು ಹೇಳಿದರು. ಅವರ ಮಾತಿನಲ್ಲಿ ತೂಕವಿದೆ. ಸಣ್ಣ ಸಾಮಾನುಗಳನ್ನು ಕೊಟ್ಟು ವಾಪಸ್ಸು ಪಡೆಯುವ ತಾಪತ್ರಯ ಅನುಭವಿಸುವವರು ಕಛೇರಿಯ ಗುಮಾಸ್ತರು, ನಾವಲ್ಲ. ಆದರೂ ನಮ್ಮ ಊರುಗಳ ನೆಲೆಯನ್ನು ಸ್ವಲ್ಪ ನೋಡಬೇಕು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಸಂಜೆಯಾದರೆ ಗೇಟು ಮುಚ್ಚುತ್ತದೆ. ಗಾಡಿ ಮೇಲೆ ಕೆಟ್ಟರೆ ಮೆಕ್ಯಾನಿಕ್‌ನನ್ನು ಕತ್ತಲಾದ ಮೇಲೆ ಕರೆತರುವಂತಿಲ್ಲ. ಹನೂರಿನಿಂದ ಆಚೆ ಮಹದೇಶ್ವರ ಬೆಟ್ಟದ ಕಡೆಯ ಸದಸ್ಯರಿಗೂ ಸರಿಯಾದ ಗ್ಯಾರೇಜು ಅಂದರೆ ಕೊಳ್ಳೇಗಾಲವೇ. ಪೋಡುಗಳಲ್ಲಿ ಕಾಫಿ ಬೆಳೆಯುವ ಸೋಲಿಗ ಸದಸ್ಯರು ನಾಲ್ಕು ಮನೆಗೆ ಒಂದು ಬಾಡಿಗೆ ಪಿಕಪ್ಪನ್ನು ನೆಚ್ಚಿಕೊಂಡು ಹಣ್ಣು ಸಾಗಿಸುತ್ತಾರೆ. ಆ ಒಂದು ಗಾಡಿ ನಿಂತರೆ ಕೊಯ್ದ ಹಣ್ಣು ಚೀಲದಲ್ಲೇ ಹುದುಗಿ ಬೆಲೆ ಕಳೆದುಕೊಳ್ಳುತ್ತದೆ. ಇದು ಗೊಬ್ಬರದಷ್ಟೇ ಬೆಳೆಗಾರನ ವಿಷಯವಲ್ಲವೇ?

ಇನ್ನೊಬ್ಬರು ಬೇರೆ ಆಕ್ಷೇಪ ತೆಗೆದರು. ಸಾಧನ ಕೈಗೆ ಕೊಟ್ಟರೆ ಗೊತ್ತಿಲ್ಲದವರೂ ಧೈರ್ಯ ಮಾಡಿ ಬಿಚ್ಚುತ್ತಾರೆ, ಅಪಾಯ ಹೆಚ್ಚುತ್ತದೆ ಎಂದು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಾಧನವಿಲ್ಲದೆಯೂ ಬಿಚ್ಚುತ್ತಲೇ ಇದ್ದಾರೆ ಎಂಬುದಕ್ಕೆ ಮಾತ್ರ ನಾನೇ ಸಾಕ್ಷಿ. ಕೊಯ್ಲು ಶುರುವಾಗುವ ಮೊದಲು ಒಂದು ಮಧ್ಯಾಹ್ನ, ಮೇಲೆ ಹೇಳಿದ ಹಿರಿಯ ಮೆಕ್ಯಾನಿಕ್ ಅವರನ್ನೇ ಕರೆಸಿ ಸಂಘದ ಅಂಗಳದಲ್ಲಿ ಮಾಡಿ ತೋರಿಸುವ ಏರ್ಪಾಡು ಮಾಡೋಣ. ಅದನ್ನು ನೋಡಿದವರ ಹೆಸರನ್ನು ಪಟ್ಟಿಯಲ್ಲಿ ಬರೆದು ಅವರಿಗೆ ಮಾತ್ರ ಪೆಟ್ಟಿಗೆ ಕೊಡೋಣ ಎಂದಿದ್ದೇನೆ. ವಾರಂಟಿ ಇರುವ ಗಾಡಿಯನ್ನು ಯಾರೂ ಮುಟ್ಟುವುದು ಬೇಡ, ಕಂಪನಿಯವರೇ ಮಾಡಲಿ.

ಸ್ವಂತ ಕೈ ಹಾಕಲು ಇಷ್ಟವಿಲ್ಲದವರಿಗೂ ಒಂದು ಮಾತು. ಗ್ಯಾರೇಜಿನಲ್ಲಿ ಹುಡುಗ ಗಾಡಿಯ ಕೆಳಗೆ ಹೋಗುವ ಮೊದಲು, ಏನಪ್ಪ, ಯಾವ ಸಾಧನದಲ್ಲಿ ಬಿಡಿಸುತ್ತೀಯ ತೋರಿಸು ಎಂದು ಕೇಳಿ. ಇದರಲ್ಲಿ ಅವಮಾನ ಮಾಡಿದಂತೆ ಏನೂ ಇಲ್ಲ. ಆ ಹುಡುಗರಿಗೆ ಸಾಧನ ಕೊಡಿಸಬೇಕಾದವರು ಮಾಲೀಕರು, ಸುಟ್ಟುಕೊಳ್ಳುವವರು ಹುಡುಗರು. ಅವನ ಕೈಯಲ್ಲಿ ಸ್ಕ್ರೂಡ್ರೈವರು ಕಂಡರೆ ಸಂಘದ ಪೆಟ್ಟಿಗೆಯನ್ನು ಒಯ್ದು ಕೊಡಿ.

ವಿಷಯ ಮುಂದಿನ ಮಂಡಳಿ ಸಭೆಗೆ ಬರುತ್ತದೆ. ಅದಕ್ಕೆ ಮುಂಚೆ, ತಮ್ಮ ಗಾಡಿ ಯಾವುದು, ಯಾವ ವರ್ಷದ್ದು, ಪೆಟ್ರೋಲೋ ಡೀಸೆಲ್ಲೋ, ಫಿಲ್ಟರಿನ ಹತ್ತಿರ ಇರುವುದು ಕ್ಲಿಪ್ಪೋ ನಟ್ಟೋ ಟೊಪ್ಪಿಗೆಯೋ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿದರೆ ಯಾವ ಅಳತೆಗಳನ್ನು ಕೊಳ್ಳಬೇಕೆಂದು ತೀರ್ಮಾನಿಸಲು ಅನುಕೂಲವಾಗುತ್ತದೆ. ನಾನು ಸೀಳಿದ ಟೊಪ್ಪಿಗೆ ಕಛೇರಿಯಲ್ಲಿ ನನ್ನ ಮೇಜಿನ ಮೇಲೆ ಕಾಗದದ ಭಾರವಾಗಿ ಕೂತಿದೆ. ಗೊಬ್ಬರದ ಚೀಟಿಗೆ ಬಂದವರು ಕೈಗೆತ್ತಿಕೊಂಡು ನೋಡಬಹುದು. ಉಗುರುಗಳು ಚೆನ್ನಾಗಿ ಕಾಣುತ್ತವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ